ಮರುಳಸಿದ್ದಪ್ಪ ಬಾವನ ದನಿ

ನಮ್ಮೂರಿನಲ್ಲಿ ಫೋನಿನ ಮೇಲೆ ಸಾಮಾನು ತರಿಸುವವರು ದುಡ್ಡು ಕಟ್ಟುವ ಮೊದಲು ಫ್ಯಾನು ಆರಿಸುತ್ತಾರೆ. ಮಿಕ್ಸಿ ನಿಲ್ಲಿಸುತ್ತಾರೆ, ಕುಕ್ಕರಿನ ಕೆಳಗೆ ಉರಿ ಸಣ್ಣ ಮಾಡುತ್ತಾರೆ, ಮನೆಗೆ ನೆಂಟರು ಬಂದಿದ್ದರೆ "ಸ್ವಲ್ಪ ಹೊರಗೆ ಕೂತಿರ್ರಿ" ಎಂದು ಜಗಲಿಗೆ ಕಳಿಸುತ್ತಾರೆ. ನೆಂಟರು ಬೇಸರ ಮಾಡಿಕೊಳ್ಳುವುದಿಲ್ಲ, ತಾವಾಗಿಯೇ ಎದ್ದು ಹೋಗುತ್ತಾರೆ, ಯಾಕೆಂದರೆ ನಾಳೆ ಅವರ ಮನೆಯಲ್ಲೂ ಇದೇ ಕಥೆ. ಆಮೇಲೆ ಮನೆಯವರು, ಆ ಮನೆಯಲ್ಲಿ ತೀರಿಕೊಂಡವರು ಎಲ್ಲಿ ಕೂರುತ್ತಿದ್ದರೋ ಅಲ್ಲಿಗೆ ಹೋಗಿ ಕಿವಿಗೊಟ್ಟು ನಿಲ್ಲುತ್ತಾರೆ. ಒಂದು ಮಾತು ಕೇಳಿಸುತ್ತದೆ. ಒಂದೇ ಒಂದು. 'ಜರಡಿ' ಎಂದೋ 'ಮೊನ್ನೆ' ಎಂದೋ 'ಇಳಿಜಾರು' ಎಂದೋ. ಅದನ್ನು ಬೆರಳಲ್ಲಿ ಫೋನಿಗೆ ಒತ್ತಿದರೆ ದುಡ್ಡು ಅಂಗಡಿಗೆ ಹೋಗುತ್ತದೆ, ಸಾಮಾನು ಮನೆಗೆ ಬರುತ್ತದೆ. ಬೇರೆ ಊರುಗಳಲ್ಲಿ ಇದಕ್ಕೆ ಅಂಕಿ ಬರುತ್ತದಂತೆ. ಇರಬಹುದು. ನಮಗೆ ಮಾತು ಬರುತ್ತದೆ.

ಎಲ್ಲರೂ ಇದಕ್ಕೆ ಹೊಂದಿಕೊಂಡಿದ್ದೇವೆ. ಹೊಸ ಬಡಾವಣೆಯ ಮನೆಗಳಲ್ಲಿ ಇನ್ನೂ ಯಾರೂ ಸತ್ತಿಲ್ಲವಾದ್ದರಿಂದ ಅಲ್ಲಿಯವರು ಸಾಮಾನು ಬಾಗಿಲಿಗೆ ಬಂದ ಮೇಲೆ ದುಡ್ಡು ಕೊಡುತ್ತಾರೆ. ಬಾಡಿಗೆಗೆ ಬಂದವರಿಗೆ ಮನೆ ಮಾಲೀಕರ ಸತ್ತ ಅಜ್ಜನೇ ಗತಿ. ನಮ್ಮ ಬೀದಿಯ ಕಾಲೇಜು ಮೇಷ್ಟ್ರು ಒಬ್ಬರು ಕೆಂಪು ಅಂಗಿ ತರಿಸಲು ಹೋದಾಗ ಆ ಅಜ್ಜ ಬಾಯೇ ಬಿಡಲಿಲ್ಲ. ಮೇಷ್ಟ್ರಿಗೆ ಕೆಂಪು ಅಂಗಿ ಏನು ಚಂದ ಎಂದು ಅಜ್ಜನಿಗೆ ಅನಿಸಿರಬೇಕು. ಕೊನೆಗೆ ಬಿಳಿಯದನ್ನು ಆರಿಸಿದ ಮೇಲೆ ಮಾತು ಬಂತು.

ಆದರೆ ಒಂದು ಎಚ್ಚರ ಮಾತ್ರ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಕೇಳಿಸಿದ ಮಾತನ್ನು ಬೆರಳಲ್ಲಿ ಒತ್ತಬೇಕು, ಬಾಯಲ್ಲಿ ಆಡಬಾರದು. ಸತ್ತವರ ಮಾತು ತಾನಾಗಿ ಫೋನಿನೊಳಗೆ ಹೋಗುವುದಿಲ್ಲ, ಬದುಕಿದ್ದವರ ಬಾಯಿಂದಲೇ ಹೋಗಬೇಕು. ಹಾಗೆ ಹೋಗಿ ಅದು ಆಚೆಯ ಕಳ್ಳನ ಕಿವಿಗೆ ಬಿದ್ದರೆ ಬ್ಯಾಂಕಿನಲ್ಲಿದ್ದ ದುಡ್ಡೂ ಹೋಗುತ್ತದೆ, ಮಾತಿನ ಬೆನ್ನಿಗೆ ಆ ದನಿಯೂ ಹೋಗುತ್ತದೆ. ಆಮೇಲೆ ಎಷ್ಟು ಫ್ಯಾನು ಆರಿಸಿದರೂ ಆ ಮನೆಯಲ್ಲಿ ಏನೂ ಕೇಳುವುದಿಲ್ಲ.

ನಮ್ಮದು ಒಂದೇ ಮನೆ, ನಡುವೆ ಗೋಡೆ. ಗೋಡೆಯ ಆಚೆ ನಮ್ಮ ಬಾವ ಮರುಳಸಿದ್ದಪ್ಪ ಮತ್ತು ಅವರ ಹೆಂಡತಿ ಶಿವಗಂಗಕ್ಕ, ಈಚೆ ಅವರ ತಮ್ಮ, ನನ್ನ ಗಂಡ ಕೊಟ್ರೇಶಿ ಮತ್ತು ನಾನು. ಪಾಲಾದಾಗ ಹಿರಿಯರು ಹಂಡೆ, ಕೊಪ್ಪರಿಗೆ ಹಂಚಿದರು, ಹಿತ್ತಲು ಹಂಚಿದರು. ಒರಳುಕಲ್ಲು ನಮ್ಮ ಕಡೆ ಉಳಿದದ್ದರಿಂದ ಅದರ ಪಕ್ಕ ಕೂತು ಜೀವಮಾನ ಕಳೆದ ನಮ್ಮ ಅತ್ತೆಯೂ ನಮ್ಮ ಪಾಲಿಗೇ ಬಂದರು. ಬದುಕಿದ್ದಾಗ ಹೇಗಿದ್ದರೋ ಸತ್ತ ಮೇಲೂ ಹಾಗೆಯೇ. ಪೊರಕೆ, ಮೊರ ತರಿಸಿದರೆ ತಟ್ಟನೆ ಮಾತು. ನನಗೊಂದು ಸೀರೆ ತರಿಸುತ್ತೇನೆಂದರೆ ಒರಳಿನ ಕಡೆಯಿಂದ ಉಸಿರೂ ಇಲ್ಲ. ಕಾದು ಕಾದು ಫೋನೇ ಸೋತು ಕೈಬಿಡುತ್ತದೆ. ಕೊಟ್ರೇಶಿ ನಗುತ್ತಾರೆ. ನಾನು ಒರಳಿನ ಕಡೆ ತಿರುಗಿ "ಹೋಗ್ಲಿ ಬಿಡ್ರಿ ಅತ್ತೆ, ಹಳೇದೇ ಉಡ್ತೀನಿ" ಅನ್ನುತ್ತೇನೆ.

ಬಾವ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರುವವರು. ಯಾವ ಬಸ್ಸು ಎಲ್ಲಿಗೆ, ಯಾವುದು ತಡ, ಯಾವುದು ಹೊರಡುತ್ತಿದೆ ಎಂದು ಹೇಳುವುದು ಅವರ ಕೆಲಸ. "ಗಮನಿಸಿ" ಎಂದು ಅವರು ಶುರು ಮಾಡಿದರೆ ಹೋಟೆಲಿನಲ್ಲಿ ಬಾಯಿಗಿಟ್ಟ ಇಡ್ಲಿ ಬಿಟ್ಟು ಜನ ಏಳುತ್ತಿದ್ದರು. "ಹೊರಡುತ್ತಿದೆ" ಎಂದರೆ ಓಡುತ್ತಿದ್ದರು. ಯಾವತ್ತೂ ಅವರು ತಪ್ಪು ಹೇಳಿದವರಲ್ಲ. ಹಾಗಾಗಿ ನಮ್ಮೂರಿನವರ ಕಾಲು ಆ ದನಿಗೆ ಪಳಗಿಹೋಗಿತ್ತು. ತಲೆ ಯೋಚಿಸುವ ಮೊದಲೇ ಕಾಲು ಎದ್ದಿರುತ್ತಿತ್ತು.

ಅದೇ ಬಾವ ಮನೆಗೆ ಬಂದರೆ ದನಿಯೇ ಇರುತ್ತಿರಲಿಲ್ಲ. ಇದ್ದದ್ದನ್ನೆಲ್ಲ ಮೈಕಿಗೆ ಸುರಿದು ಬಂದವರು, ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು, ತುಟಿ ಅಲ್ಲಾಡಿತೋ ಇಲ್ಲವೋ ಅನ್ನುವ ಹಾಗೆ ಏನೋ ಹೇಳುತ್ತಿದ್ದರು. ಅಡುಗೆಮನೆಯಿಂದ ಅಕ್ಕ ಕೇಳುತ್ತಿದ್ದಳು, "ಏನಂದ್ರಿ? ನೀರಾ?" ಅವರು ಹೂಂ ಅನ್ನುತ್ತಿದ್ದರು. "ಏನಂದ್ರಿ? ಬಾಗ್ಲಾ?" ಹೂಂ. ಮದುವೆಯಾಗಿ ಬಂದಾಗಿನಿಂದ ನಾನು ಆ ಮನೆಯಲ್ಲಿ ಕೇಳಿದ ಸಂಸಾರ ಇಷ್ಟೇ. ಅವರು ಹೇಳುವುದು, ಇವಳು ಅದನ್ನು ತಿರುಗಿ ಹೇಳಿ ಸರಿಯೇ ಎಂದು ಕೇಳುವುದು. ಮಕ್ಕಳಿರಲಿಲ್ಲ. ಮಾತಿಗೆ ಬೇರೆ ಯಾರೂ ಇರಲಿಲ್ಲ.

ಬಾವ ಒಂದು ಮಧ್ಯಾಹ್ನ ಊಟ ಮಾಡಿ ಆ ಕುರ್ಚಿಯಲ್ಲೇ ಹೋಗಿಬಿಟ್ಟರು. ಮಣ್ಣು ಮಾಡಿ ಬಂದ ಮೇಲೆ ಅಕ್ಕ ಕೆಲವು ವಾರ ಗೋಡೆಗೆ ಒರಗಿ ಕೂತಿದ್ದಳು, ಕರೆದರೆ ಉಣ್ಣುತ್ತಿದ್ದಳು, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಚಹಾ ಸೋಸುವ ಜಾಲರಿ ತೂತಾಗಿದೆ, ಒಂದು ತರಿಸು ಎಂದು ನಾನೇ ಅವಳ ಕೈಗೆ ಫೋನು ಕೊಟ್ಟೆ. ಸ್ವಲ್ಪ ಹೊತ್ತಿಗೆ ಅವಳು ಸೆರಗು ಬಿಟ್ಟುಕೊಂಡು ನಮ್ಮ ಬಾಗಿಲಿಗೆ ಓಡಿಬಂದಳು.

"ಮಾತಾಡಿದ್ರು ಕಣೆ ಸುವರ್ಣ. ಕುರ್ಚಿ ಹತ್ರ ನಿಂತಿದ್ನಾ, 'ಕೊಡೆ' ಅಂದ್ರು. ಅದೇ ದನಿ. ಸಣ್ಣಕೆ."

ಅವಳ ಮುಖ ನೋಡಿ ನನಗೂ ಅಳು ಬಂತು. ಅವತ್ತಿನಿಂದ ಅವಳಿಗೆ ಬೇಕಾದ ಸಾಮಾನುಗಳಿಗೆ ಲೆಕ್ಕವೇ ಇಲ್ಲದಂತಾಯಿತು. ಗುಂಡಿಗಳು, ಹೇರ್‌ಪಿನ್ನು, ಸೋಪಿನ ಡಬ್ಬಿ, ಕಾಲೊರಸು, ಮತ್ತೆ ಜಾಲರಿ. ಎಲ್ಲವೂ ಅಗ್ಗದವು, ಎಲ್ಲವೂ ಬೇರೆ ಬೇರೆ ದಿನ. ಪಾರ್ಸೆಲ್ಲು ಒಡೆಯುತ್ತಲೂ ಇರಲಿಲ್ಲ, ಹಾಗೇ ಮೂಲೆಯಲ್ಲಿ ಪೇರಿಸುತ್ತಿದ್ದಳು. ಅವಳು ಕೊಳ್ಳುತ್ತಿದ್ದದ್ದು ಏನು ಎಂದು ನನಗೆ ಗೊತ್ತಿತ್ತು, ಹಾಗಾಗಿ ಬಾಯಿಬಿಡಲಿಲ್ಲ. ಸತ್ಯ ಹೇಳಬೇಕೆಂದರೆ ಹೊಟ್ಟೆಕಿಚ್ಚೂ ಆಗುತ್ತಿತ್ತು. ಅವಳ ಗಂಡ ಸತ್ತ ಮೇಲೂ ದಿನಾ ಮಾತಾಡುತ್ತಾನೆ, ನನ್ನ ಗಂಡ ಬದುಕಿದ್ದೂ ಪೇಪರಿನಿಂದ ತಲೆ ಎತ್ತುವುದಿಲ್ಲ.

ಒಂದೇ ಒಂದು ವಿಷಯ ನನ್ನನ್ನು ಕೊರೆಯುತ್ತಿತ್ತು. ಗೋಡೆಯ ಆಚೆ ಫ್ಯಾನು ನಿಲ್ಲುತ್ತಿತ್ತು. ನಿಶ್ಶಬ್ದ. ಬಾವನ ಮಾತು ನನಗೆ ಕೇಳುತ್ತಿರಲಿಲ್ಲ, ಅಷ್ಟು ಸಣ್ಣ ದನಿ ಅದು. ಆಮೇಲೆ ಅಕ್ಕನ ದನಿ ಸ್ಪಷ್ಟವಾಗಿ ಬರುತ್ತಿತ್ತು. "ಏನಂದ್ರಿ? ಕೊಡೆನಾ?" "ಏನಂದ್ರಿ? ಬೆಳ್ಳುಳ್ಳಿನಾ?"

"ಅಕ್ಕ, ಬಾಯಲ್ಲಿ ಆಡಬಾರದು ಕಣೆ," ಎಂದು ನಾನು ಒಂದು ದಿನ ಹೇಳಿದೆ.

"ನಾನ್ ಯಾರಿಗೆ ಹೇಳ್ದೆ? ಅವ್ರು ಹೇಳಿದ್ದನ್ನ ಅವ್ರಿಗೇ ತಿರುಗಿ ಕೇಳ್ದೆ, ಅಷ್ಟೆ."

"ಗೋಡೆಗೂ ಕಿವಿ ಇರುತ್ತೆ. ಈಗ ನನ್ನ ಕಿವಿಗೆ ಬೀಳ್ತಿಲ್ವಾ?"

"ನೀನು ಕಳ್ಳಿ ಏನೇ?" ಎಂದು ನಕ್ಕಳು.

ನಾನು ಅವಳನ್ನು ಕೂರಿಸಿಕೊಂಡು ಗೊತ್ತಿದ್ದದ್ದನ್ನೆಲ್ಲ ಹೇಳಿಕೊಟ್ಟೆ. ಗುರುತಿಲ್ಲದ ಅಂಗಡಿ ಅರ್ಧ ಬೆಲೆಗೆ ಕೊಡುತ್ತೇನೆಂದರೆ ಆಸೆ ಬೀಳಬೇಡ. ಮೆಸೇಜಿನಲ್ಲಿ ಬಂದ ನೀಲಿ ಅಕ್ಷರವನ್ನು ಮುಟ್ಟಬೇಡ. ಅಂಗಡಿಯವರು ಎಂದು ಹೇಳಿಕೊಂಡು ಯಾರಾದರೂ ಫೋನು ಮಾಡಿದರೆ ಇಟ್ಟುಬಿಡು, ಬೇಕಿದ್ದರೆ ನೀನೇ ಅಂಗಡಿಯ ನಂಬರು ಹುಡುಕಿ ತಿರುಗಿ ಮಾಡು. ಮಾತನ್ನು ಯಾರು ಕೇಳಿದರೂ, ದೇವರೇ ಕೇಳಿದರೂ, ಕೊಡಬೇಡ. ಅವಳು ಹೂಂ ಹೂಂ ಅಂದಳು. ಅವಳು ದಡ್ಡಿಯಲ್ಲ, ಹೇಳಿದ್ದನ್ನು ನೆನಪಿಟ್ಟುಕೊಂಡಳು. ಅದಕ್ಕೇ ನನಗೆ ಇವತ್ತಿಗೂ ಸಂಕಟ.

ಬಾವನ ಹಳೆಯ ಕೈಗಡಿಯಾರದ ಪಟ್ಟಿ ಹರಿದಿತ್ತು. ಅಂಥ ಪಟ್ಟಿ ಈಗ ಸಿಗುವುದಿಲ್ಲ. ಹುಡುಕಿ ಹುಡುಕಿ ಅಕ್ಕನಿಗೆ ಒಂದು ಅಂಗಡಿ ಸಿಕ್ಕಿತು. ದುಡ್ಡು ಕಟ್ಟಿದ ಮರುದಿನ ಅಲ್ಲಿಂದ ಫೋನು ಬಂತು. ಇಟ್ಟುಬಿಡಬೇಕಿತ್ತು. ಆದರೆ ಆ ಕಡೆಯವನು ಬಹಳ ಮರ್ಯಾದೆಯವನು. ಅಕ್ಕ ಆಮೇಲೆ ನನಗೆ ಅವನ ಮಾತನ್ನೆಲ್ಲ ಒಪ್ಪಿಸಿದಳು.

"ಅಮ್ಮಾ, ನಿಮ್ಮ ದುಡ್ಡು ಅರ್ಧದಲ್ಲಿ ನಿಂತಿದೆ, ನಮಗೆ ತಲುಪಿಲ್ಲ. ಇನ್ನೊಂದು ಸಲ ಕಟ್ಟಿ. ಮಾತು ಬಂದರೆ ನೀವೇ ಒತ್ಕೊಳ್ಳಿ, ಯಾರಿಗೂ ಹೇಳ್ಬೇಡಿ. ನನಗೂ ಹೇಳ್ಬೇಡಿ. ಈಗಿನ ಕಾಲ ಸರಿ ಇಲ್ಲ. ಲೈನ್ ಮಾತ್ರ ಕಟ್ ಮಾಡ್ಬೇಡಿ, ನಾನು ಇಲ್ಲೇ ಇರ್ತೀನಿ."

ತನಗೂ ಹೇಳಬೇಡಿ ಎಂದವನನ್ನು ಹೇಗೆ ಅನುಮಾನಿಸುವುದು? ಅಕ್ಕ ಫೋನನ್ನು ಬೆತ್ತದ ಕುರ್ಚಿಯ ಕೈ ಮೇಲೆ ಇಟ್ಟು ಫ್ಯಾನು ಆರಿಸಿದಳು. ಗೋಡೆಯ ಈಚೆ ನಾನು ಸೊಪ್ಪು ಸೋಸುತ್ತಿದ್ದೆ. ಆಚೆ ನಿಶ್ಶಬ್ದವಾಯಿತು. ಆಮೇಲೆ ಅಕ್ಕನ ದನಿ, ಎಂದಿನ ಹಾಗೆ.

"ಏನಂದ್ರಿ? ಕಿಟಕಿನಾ?"

"ಹೂಂ," ಎಂದಿತು ಒಂದು ದನಿ.

ನನ್ನ ಕೈಯಲ್ಲಿದ್ದ ಸೊಪ್ಪು ಹಾಗೇ ನಿಂತಿತು. ಬಾವನ ದನಿ ನನಗೆ ಯಾವತ್ತೂ ಗೋಡೆ ದಾಟಿ ಕೇಳಿಸಿದ್ದಿಲ್ಲ. ಇದು ಕೇಳಿಸಿತು. ಇದು ಕುರ್ಚಿಯಿಂದ ಬಂದದ್ದಲ್ಲ, ಕುರ್ಚಿಯ ಕೈ ಮೇಲಿದ್ದ ಫೋನಿನಿಂದ ಬಂದದ್ದು. ನಾನು ಎದ್ದು ಓಡಿದೆ. ಹೋಗುವಷ್ಟರಲ್ಲಿ ಲೈನು ಕಡಿದಿತ್ತು. ಅಕ್ಕ ಕುರ್ಚಿಯ ಮುಂದೆ ಬಗ್ಗಿ ನಿಂತು "ಏನಂದ್ರಿ? ಏನಂದ್ರಿ?" ಎಂದು ಕೇಳುತ್ತಲೇ ಇದ್ದಳು. ಕುರ್ಚಿ ಬರೀ ಕುರ್ಚಿಯಾಗಿತ್ತು. ಹೇಗೆ ಅಂತ ನನಗೆ ಹೇಳಲು ಬರುವುದಿಲ್ಲ, ನೋಡಿದರೆ ಗೊತ್ತಾಗುತ್ತಿತ್ತು.

ಬ್ಯಾಂಕಿನಲ್ಲಿದ್ದದ್ದು ಗುಡಿಸಿಹೋಗಿತ್ತು. ಕೊಟ್ರೇಶಿ ಅಲ್ಲಿಗೂ ಠಾಣೆಗೂ ಓಡಾಡಿ ಚಪ್ಪಲಿ ಸವೆಸಿದರು, ಎಲ್ಲರೂ ಕೈಚೆಲ್ಲಿದರು. ಅಕ್ಕ ದುಡ್ಡಿನ ಸುದ್ದಿಯನ್ನು ಒಮ್ಮೆಯೂ ಎತ್ತಲಿಲ್ಲ. ನನ್ನ ಹತ್ತಿರ ಚೂರು ಸಾಲ ತೆಗೆದುಕೊಂಡು ಮತ್ತೊಂದು ಜಾಲರಿಗೆ ಕಟ್ಟಲು ಕೂತಳು. ಸಂಜೆಯವರೆಗೂ ಕೂತಳು. ಏನೂ ಕೇಳಲಿಲ್ಲ.

"ಒಂದೇ ಮಾತಲ್ವೇನೆ ದಿನಕ್ಕೆ," ಅಂದಳು. "ಅಷ್ಟೂ ಇಟ್ಕೊಳ್ಳಕ್ಕೆ ನಂಗೆ ಬರ್ಲಿಲ್ಲ."

ಅದು ಅಲ್ಲಿಗೇ ಮುಗಿದಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. ವಾರವೋ ಹತ್ತು ದಿನವೋ ಕಳೆದಿರಬೇಕು, ಹಿಟ್ಟಿನ ಗಿರಣಿಯ ಪಂಪಣ್ಣನಿಗೆ ಫೋನು ಬಂತು. ಗಿರಣಿಯ ಸದ್ದಿನಲ್ಲೂ ಅವನಿಗೆ ಸ್ಪಷ್ಟವಾಗಿ ಕೇಳಿಸಿತಂತೆ. "ಗಮನಿಸಿ. ಗಿರಣಿ ಪಂಪಣ್ಣನವರು ಗಮನಿಸಿ. ನಿಮ್ಮ ಸಾಮಾನು ಬಂದು ನಿಂತಿದೆ, ಹೊರಡುತ್ತಿದೆ. ಮಾತು ಹೇಳಿ ಬಿಡಿಸಿಕೊಳ್ಳಿ." ಪಂಪಣ್ಣ ಯಾವ ಸಾಮಾನೂ ತರಿಸಿರಲಿಲ್ಲ. ಮರುಳಸಿದ್ದಪ್ಪನವರು ಸತ್ತಿದ್ದಾರೆಂದೂ ಅವನಿಗೆ ಗೊತ್ತು, ಹೆಣಕ್ಕೆ ಹೆಗಲು ಕೊಟ್ಟವನು ಅವನು. ಆದರೆ 'ಹೊರಡುತ್ತಿದೆ' ಎಂಬುದು ಕಿವಿಗೆ ಬಿದ್ದದ್ದೇ ಅವನ ಕಾಲು ಎದ್ದಿತ್ತು. ಮೋಟಾರು ನಿಲ್ಲಿಸಿದ. ಹಿಟ್ಟಿನ ಡಬ್ಬಗಳ ಹಿಂದಿನಿಂದ ಮಾತು ಬಂತು. ಏದುಸಿರು ಬಿಡುತ್ತಾ ಅದನ್ನು ಫೋನಿಗೆ ಹೇಳಿಬಿಟ್ಟ.

ಅವನ ಮನೆಯ ದನಿ ಅವನ ಮಗಳದು. ಡಬ್ಬಗಳ ಹಿಂದೆ ಅವಿತುಕೊಂಡು ಆಡುತ್ತಿದ್ದ, ಜ್ವರದಲ್ಲಿ ಹೋದ ಪುಟ್ಟ ಹುಡುಗಿ ತೇಜು. ಯಾವ ಮಾತು ಹೇಳಿದರೂ ನಗುತ್ತಲೇ ಹೇಳುತ್ತಿತ್ತಂತೆ ಆ ಮಗು.

ಆಮೇಲೆ ಒಂದೊಂದೇ ಮನೆ ಮೂಕವಾಗತೊಡಗಿತು. ಬಳೆ ಅಂಗಡಿಯವರದು, ದರ್ಜಿಯದು, ಮೇಷ್ಟ್ರು ಬಾಡಿಗೆಗಿದ್ದ ಮನೆಯದು. ಎಲ್ಲರಿಗೂ ಬಾವನ ದನಿ, ಬಸ್ ನಿಲ್ದಾಣದ ದನಿ. ಎಚ್ಚರವಾಗಿರಿ ಎಂದು ಪೊಲೀಸರು ಕಾಗದ ಅಂಟಿಸಿದರು. ಓದುವಾಗ ಎಲ್ಲರೂ ಎಚ್ಚರವಾಗಿಯೇ ಇದ್ದರು, ದನಿ ಕೇಳಿದಾಗ ಓಡಿದರು. ಮಧ್ಯಾಹ್ನದ ಹೊತ್ತು ಬೀದಿಯಲ್ಲಿ ನಡೆದರೆ, ಮೂಕವಾದ ಮನೆ ಯಾವುದು ಎಂದು ಹೊರಗಿನಿಂದಲೇ ಹೇಳಬಹುದಿತ್ತು. ಆ ಮನೆಗಳಲ್ಲಿ ಫ್ಯಾನು ಯಾವಾಗಲೂ ತಿರುಗುತ್ತಲೇ ಇರುತ್ತಿತ್ತು. ಆರಿಸಿ ಕೇಳುವುದಕ್ಕೆ ಇನ್ನೇನಿದೆ?

ಜನ ಅಕ್ಕನ ಬಾಗಿಲ ಮುಂದೆ ಹಾಯುವಾಗ ಆಚೆ ಮುಖ ಮಾಡತೊಡಗಿದರು. "ಅವರ ಯಜಮಾನ್ರೇ ನಮ್ಮನೆ ತೊಳೆದ್ರು" ಎಂದು ಬಳೆ ಅಂಗಡಿಯವಳು ನನ್ನ ಎದುರೇ ಅಂದಳು. ನಾನು ಸುಮ್ಮನೆ ಬಿಡಲಿಲ್ಲ, ಬಾಯಿಗೆ ಬಂದದ್ದು ಹೇಳಿ ಬಂದೆ. ಆದರೆ ಒಂದು ದಿನ ಪಂಪಣ್ಣನೇ ಬಂದ. ಅವನು ಹಿಟ್ಟು ಮೆತ್ತಿದ ಮೈಯಲ್ಲೇ ಅಕ್ಕನ ಬಾಗಿಲಲ್ಲಿ ನಿಂತ. ಕೂಗಾಡುತ್ತಾನೆ ಅಂದುಕೊಂಡಿದ್ದೆ.

"ಅಕ್ಕಾರೆ, ಒಂದ್ ಮಾತು ಕೇಳ್ತೀನಿ," ಅಂದ. "ಕದ್ದ ದನಿನ ಕಳ್ರು ಏನ್ ಮಾಡ್ತಾರೆ? ನಮ್ಮ ತೇಜುನ್ನೂ ಹಿಂಗೇ ಯಾರ್ ಯಾರ ಮನೆಗೋ ಫೋನ್ ಮಾಡಕ್ಕೆ ಹಚ್ತಾರಾ?"

ಅಕ್ಕ ಅವನಿಗೆ ನೀರು ತಂದುಕೊಟ್ಟಳು. ಅವನು ಕುಡಿದು, ಲೋಟವನ್ನು ಹೊಸ್ತಿಲ ಮೇಲೆ ಇಟ್ಟು ಹೋದ. ಅವಳು ಆ ಲೋಟವನ್ನು ಬಹಳ ಹೊತ್ತು ಎತ್ತಲಿಲ್ಲ.

ಕದ್ದ ದನಿ ಹೇಗೆ ಸಾಯುತ್ತದೆ ಎಂದು ನಮ್ಮೂರಿನವರಿಗೆ ಗೊತ್ತಿದೆ. ಹಿಂದೊಮ್ಮೆ ಅಕ್ಕಸಾಲಿಗರ ಅಜ್ಜಿಯ ದನಿ ಹೀಗೇ ಮನೆಮನೆಗೂ ಬಂದಿತ್ತು. ಯಾರಾದರೂ ಓಗೊಡುವವರೆಗೆ ಅಂಥ ದನಿಗೆ ಜೀವ. ಇಡೀ ಊರು ಓಗೊಡದೆ ಕೂತರೆ ಅದು ಸೊರಗಿ ಹೋಗುತ್ತದೆ. ಹೋದರೆ ಹೋಯಿತು, ಆಮೇಲೆ ಕಳ್ಳನ ಹತ್ತಿರವೂ ಇಲ್ಲ, ಕಳೆದುಕೊಂಡವರ ಹತ್ತಿರವೂ ಇಲ್ಲ, ಭೂಮಿಯ ಮೇಲೆ ಎಲ್ಲೂ ಇಲ್ಲ. ಇದು ಅಕ್ಕನಿಗೂ ಗೊತ್ತಿತ್ತು. ಅವಳು ಫೋನನ್ನು ಸದಾ ಚಾರ್ಜಿಗೆ ಹಾಕಿ, ಸ್ನಾನಕ್ಕೆ ಹೋಗುವಾಗಲೂ ಬಚ್ಚಲ ಕಿಟಕಿಯಲ್ಲಿ ಇಟ್ಟುಕೊಳ್ಳುತ್ತಿದ್ದುದನ್ನು ನಾನು ನೋಡಿದ್ದೆ. ಊರಿಗೆಲ್ಲ ಬರುವ ಫೋನು ತನಗೂ ಒಮ್ಮೆ ಬಂದೀತು ಎಂಬ ಆಸೆ. ಆದರೆ ದೋಚಿದ ಮನೆಗೆ ಕಳ್ಳನಿಗೇನು ಕೆಲಸ? ಅವಳಿಗೆ ಬರಲೇ ಇಲ್ಲ.

ನನಗೆ ಬಂತು. ನಾನು ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ, ಅಕ್ಕ ಎದುರಿಗೆ ಕೂತು ಶೇಂಗಾ ಸುಲಿಯುತ್ತಿದ್ದಳು. ಕೈಯೆಲ್ಲ ಹಿಟ್ಟಾದ್ದರಿಂದ ಮೊಣಕೈಯಿಂದ ಒತ್ತಿ ಸ್ಪೀಕರಿಗೆ ಹಾಕಿದೆ.

"ಗಮನಿಸಿ," ಎಂದಿತು ಫೋನು. "ಸುವರ್ಣಮ್ಮನವರು ಗಮನಿಸಿ."

ಬಾವ ಮೈಕಿನ ಹಿಂದೆ ಕೂತಿದ್ದಾರೆ, ಅಡುಗೆಮನೆಯೇ ಬಸ್ ನಿಲ್ದಾಣವಾಗಿದೆ, ನನ್ನ ಬಸ್ಸು ತಪ್ಪುತ್ತಿದೆ. ಅಷ್ಟು ಬುದ್ಧಿ ಹೇಳಿದ ನಾನೇ ಎದ್ದು ನಿಂತಿದ್ದೆ. ಅಷ್ಟರಲ್ಲಿ ಒರಳಿನ ಕಡೆಯಿಂದ ಅತ್ತೆಯ ದನಿ ಬಂತು.

"ಉಪ್ಪು."

ನಾನು ಏನನ್ನೂ ಕೊಂಡಿರಲಿಲ್ಲ. ಆ ಕಡೆಯಿಂದ ಯಾರೋ ನನ್ನ ಹೆಸರಿನಲ್ಲಿ ಕೊಳ್ಳುತ್ತಿದ್ದರು, ಮಾತು ಬಂದಿತ್ತು. ಆದರೆ ಅತ್ತೆ ಅಲ್ಲಿಗೇ ನಿಲ್ಲಿಸಲಿಲ್ಲ.

"ಉಪ್ಪು," ಅಂದರು ಮತ್ತೆ. "ಉಪ್ಪು, ಉಪ್ಪು."

ಒಂದು ಮಾತನ್ನು ಅತ್ತೆ ಎರಡನೇ ಸಲ ಹೇಳಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ನನ್ನ ಸೀರೆಗೆ ಬಾಯಿಬಿಡದವರು, ಹಿರಿಮಗನ ದನಿ ಕೇಳಿದ್ದೇ ತಡ, ಅವನು ಕೇಳಿದ್ದನ್ನು ಎರಡೂ ಕೈಯಲ್ಲಿ ಕೊಡಲು ನಿಂತಿದ್ದರು. ಆ ಮುದುಕಿಯ ಮೇಲೆ ಮೊದಲ ಸಲ ನನಗೆ ಅಷ್ಟು ಕನಿಕರ ಬಂತು.

ನಾನು ಬಾಯಿ ತೆರೆದಿದ್ದೆನೋ ಏನೋ. ಅಕ್ಕ ಶೇಂಗಾ ಮೊರವನ್ನು ಬದಿಗಿಟ್ಟು, ಬಂದು, ಫೋನನ್ನು ಎತ್ತಿಕೊಂಡಳು. ಅವಳು ಏನೂ ಅನ್ನಲಿಲ್ಲ. ಬರೀ ಅವಳ ಉಸಿರು ಕೇಳಿಸಿರಬೇಕು. ಫೋನಿನ ದನಿ ಬದಲಾಯಿತು. ಮೈಕಿನ ದನಿ ಹೋಗಿ ಸಣ್ಣದಾಯಿತು, ತುಟಿ ಅಲ್ಲಾಡಿತೋ ಇಲ್ಲವೋ ಎನ್ನುವಂಥ, ಬೆತ್ತದ ಕುರ್ಚಿಯ ದನಿಯಾಯಿತು.

"ಗಂಗಾ," ಎಂದಿತು.

ಅಕ್ಕ ಕಣ್ಣು ಮುಚ್ಚಿದಳು.

"ಗಂಗಾ, ಅಮ್ಮ ಏನೋ ಅಂದ್ಲು. ನನಗೆ ಕೇಳಿಸ್ಲಿಲ್ಲ. ಏನಂದ್ಲು?"

ಒರಳಿನ ಕಡೆಯಿಂದ ಮತ್ತೆ "ಉಪ್ಪು". ಅಕ್ಕನ ತುಟಿ ಆ ಮಾತಿಗೆ ಸಿದ್ಧವಾಗುತ್ತಿರುವುದನ್ನು ನಾನು ನೋಡಿದೆ. ಕೇಳಿದ್ದನ್ನು ತಿರುಗಿ ಹೇಳಿ ಹೇಳಿಯೇ ಸವೆದ ತುಟಿ ಅದು. ತಡೆಯಬೇಕು ಅನ್ನಿಸಿತು, ಹಿಟ್ಟಿನ ಕೈ ಮೇಲೇಳಲಿಲ್ಲ. ಅವಳು ಸೆರಗನ್ನು ಮುದ್ದೆ ಮಾಡಿ ಬಾಯೊಳಗೆ ತುರುಕಿಕೊಂಡಳು.

"ನೀನು ಹೇಳು ಗಂಗಾ. ನಿನ್ನ ಬಾಯಲ್ಲಿ ಕೇಳ್ಬೇಕು. ನಿನ್ನ ಮಾತು ಕೇಳಿ ಎಷ್ಟು ದಿನ ಆಯ್ತು. ಏನಾದ್ರೂ ಹೇಳು. ಏನಂದೆ? ಏನಂದೆ ಗಂಗಾ?"

ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. ಆ ದನಿ ಅವಳ ಮಾತು ಕೇಳಲು ಕಾಯುತ್ತಿತ್ತು, ಎಷ್ಟು ಹೊತ್ತಾದರೂ ಕಾಯುವ ಹಾಗಿತ್ತು. ಅವಳು ಫೋನನ್ನು ಕಿವಿಯ ಹತ್ತಿರ ತಂದು, ಇನ್ನೂ ಸ್ವಲ್ಪ ಕೇಳಿ, ಹೆಬ್ಬೆರಳಿಂದ ಕಟ್ ಮಾಡಿದಳು. ಅತ್ತೆಯೂ ನಿಲ್ಲಿಸಿದರು.

"ಅವ್ರಲ್ಲ ಕಣೆ," ಅಂದಳು, ಸೆರಗನ್ನು ಬಾಯಿಂದ ತೆಗೆದು. "ಇಷ್ಟು ವರ್ಷದ ಸಂಸಾರದಾಗೆ ನೀನೇನಂದೆ ಅಂತ ಅವ್ರು ಒಂದು ದಿನ ಕೇಳ್ದೋರಲ್ಲ."

ಆಮೇಲೆ ನೆಲದ ಮೇಲೆ ಕೂತು ಜೋರಾಗಿ ಅತ್ತಳು. ಬಾವ ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲ. "ಕೇಳ್ಲಿ ಅಂತ ಎಷ್ಟು ಆಸೆ ಇತ್ತು ಗೊತ್ತೇನೆ ನಂಗೆ," ಅಂದಳು. "ಆ ಕಳ್ಳಂಗೆ ಹೆಂಗೆ ಗೊತ್ತಾಯ್ತೆ ಅದು?" ನಾನು ಹಿಟ್ಟಿನ ಕೈಯಲ್ಲೇ ಅವಳನ್ನು ತಬ್ಬಿಕೊಂಡೆ.

ಅತ್ತು ಮುಗಿದ ಮೇಲೆ ಅವಳು ಮುಖ ತೊಳೆದು, ತಲೆ ಬಾಚಿ, ಚಪ್ಪಲಿ ಮೆಟ್ಟಿದಳು. ಎಲ್ಲಿಗೆ ಎಂದರೆ ಬಸ್ ನಿಲ್ದಾಣಕ್ಕೆ ಅಂದಳು. ನಾನೂ ಜೊತೆಗೆ ಹೊರಟೆ. ದಾರಿಯಲ್ಲಿ ಒಮ್ಮೆ ನಿಂತು ಕೇಳಿದೆ, "ಅಕ್ಕ, ಯೋಚನೆ ಮಾಡಿದೀಯಾ? ಯಾರೂ ಓಗೊಡದೆ ಹೋದ್ರೆ ಆ ದನಿ ಎಲ್ಲೂ ಇರಲ್ಲ."

"ತೇಜು ಅಪ್ಪ ಲೋಟ ಇಟ್ಟು ಹೋದಾಗ್ಲೇ ಯೋಚನೆ ಮಾಡ್ದೆ," ಅಂದಳು.

ಬಾವನ ಜಾಗದಲ್ಲಿ ಈಗ ಹಾಲಪ್ಪ ಎಂಬುವರು ಕೂರುತ್ತಾರೆ, ಬಾವನ ಜೊತೆ ಕೆಲಸ ಮಾಡಿದವರು. ಅಕ್ಕನನ್ನು ಕಂಡು ಎದ್ದು ನಿಂತರು. ಅವಳು ಕೇಳಿದ್ದಕ್ಕೆ ಅಕ್ಕಪಕ್ಕ ನೋಡಿ, ಕುರ್ಚಿ ಬಿಟ್ಟುಕೊಟ್ಟರು. ಗಾಜಿನ ಆಚೆ ಸಂತೆ ಮುಗಿಸಿ ಬಂದ ಜನ, ಚೀಲ, ಬುಟ್ಟಿ. ಬಸ್ಸು ಹತ್ತಲು ಬಂದ ಪಂಪಣ್ಣನೂ ಒಂದು ಕಂಬಕ್ಕೆ ಒರಗಿದ್ದ. ಅಕ್ಕ ಜೀವಮಾನದಲ್ಲಿ ಮೈಕು ಮುಟ್ಟಿದವಳಲ್ಲ. ಎಲ್ಲಿಗೆ ಬಾಯಿಡಬೇಕು ಎಂದು ಹಾಲಪ್ಪ ತೋರಿಸಿದರು.

"ಗಮನಿಸಿ," ಅಂದಳು. ಜನ ತಲೆ ಎತ್ತಿದರು. "ನಾನು ಮರುಳಸಿದ್ದಪ್ಪನೋರ ಮನೆಯೋಳು. ನಮ್ಮನೆಯೋರು ತೀರಿಕೊಂಡವ್ರೆ. ಅವ್ರ ದನಿನಾಗೆ ಫೋನ್ ಬಂದ್ರೆ ಅದು ಅವ್ರಲ್ಲ. ಓಡ್ಬೇಡಿ. ಮಾತು ಹೇಳ್ಬೇಡಿ. ಹೂಂ ಅಂತಲೂ ಅನ್ಬೇಡಿ. ಫೋನ್ ಎತ್ತಲೇಬೇಡಿ. ಅವ್ರು ಏನಂದ್ರೂ ಯಾರೂ ಓಗೊಡ್ಬೇಡಿ. ನಾನು ಹೇಳ್ತಾ ಇದೀನಿ, ಅವ್ರ ಹೆಂಡ್ತಿ."

ಕಡಲೆಕಾಯಿ ಮಾರುವವನೂ ಕೂಗುವುದನ್ನು ನಿಲ್ಲಿಸಿದ್ದ. ಅಷ್ಟರಲ್ಲಿ ಹೋಟೆಲಿನ ಮುಂದೆ ನಿಂತಿದ್ದವನೊಬ್ಬನ ಜೇಬಿನಲ್ಲಿ ಫೋನು ಬಾರಿಸಿತು. ಅವನು ತೆಗೆದು ನೋಡಿ ಮತ್ತೆ ಜೇಬಿಗೇ ಹಾಕಿದ. ಅದು ಬಾರಿಸಿ ಬಾರಿಸಿ ನಿಂತಿತು. ಕೂಡಲೇ ಅವನ ಪಕ್ಕದವಳ ಚೀಲದಲ್ಲಿ ಬಾರಿಸಿತು. ಅವಳು ಚೀಲವನ್ನು ಎದೆಗೆ ಅವುಚಿಕೊಂಡಳು. ಅಲ್ಲಿ ನಿಂತು ಬೆಂಚಿನ ಮೇಲೆ, ಬೆಂಚಿನಿಂದ ಬಸ್ಸಿನ ಕಿಟಕಿಯೊಳಗೆ, ಅಲ್ಲಿಂದ ಪಂಪಣ್ಣನ ಅಂಗಿಯೊಳಗೆ. ಒಂದು ನಿಂತ ಮೇಲೆ ಇನ್ನೊಂದು, ಯಾರೋ ಪ್ರತಿ ಬಾಗಿಲನ್ನೂ ತಟ್ಟುತ್ತಾ ಬರುತ್ತಿರುವ ಹಾಗೆ. ಪಂಪಣ್ಣ ಎದೆಯ ಮೇಲೆ ಕೈ ಒತ್ತಿ ಹಿಡಿದು ಅಕ್ಕನನ್ನೇ ನೋಡುತ್ತಿದ್ದ. ಯಾರೂ ಎತ್ತಲಿಲ್ಲ. ಸದ್ದು ನಿಲ್ದಾಣ ದಾಟಿ ಬೀದಿಗೆ ಇಳಿಯಿತು, ಅಂಗಡಿ ಅಂಗಡಿಯಲ್ಲಿ ಬಾರಿಸಿ, ದೂರವಾಗಿ, ಊರನ್ನೆಲ್ಲ ಸುತ್ತಿಕೊಂಡು ಮತ್ತೆ ಹತ್ತಿರ ಬಂತು. ನನ್ನದು ಬಾರಿಸಿತು. ನಾನು ಕಲ್ಲಾಗಿ ನಿಂತೆ. ನನ್ನದೂ ನಿಂತಿತು.

ಕೊನೆಗೆ ಅಕ್ಕನದು ಬಾರಿಸಿತು.

ದೋಚಿಹೋದ ಮೇಲೆ ಅವಳ ಫೋನಿಗೆ ಆ ದನಿ ಬಂದದ್ದು ಅದೇ ಮೊದಲು. ಅವಳ ಹತ್ತಿರ ಕಳೆದುಕೊಳ್ಳಲು ಇನ್ನೇನೂ ಇರಲಿಲ್ಲ, ಎತ್ತಿದರೆ ಅವಳಿಗೇನೂ ನಷ್ಟವಿರಲಿಲ್ಲ. ಒಂದು ಹೂಂ ಸಾಕಾಗಿತ್ತು, ಆ ದನಿ ಬದುಕುತ್ತಿತ್ತು. ಅವಳು ಫೋನನ್ನು ಮೈಕಿನ ಪಕ್ಕ ಮೇಜಿನ ಮೇಲೆ ಇಟ್ಟು, ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಳು. ಗಾಜಿನ ಆಚೆಯಿಂದ ಇಡೀ ಊರು ನೋಡುತ್ತಿತ್ತು. ಫೋನು ಬಾರಿಸುತ್ತಲೇ ಇತ್ತು. ಮೊದಲು ಜೋರಾಗಿ, ಆಮೇಲೆ ಸಣ್ಣಗೆ, ಆಮೇಲೆ ಬಾರಿಸುತ್ತಿದೆಯೋ ಇಲ್ಲವೋ ಎಂಬಷ್ಟು ಸಣ್ಣಗೆ. ಆಮೇಲೆ ಇಲ್ಲ.

ಅಕ್ಕ ಬಗ್ಗಿ ಕಿವಿಯನ್ನು ಫೋನಿನ ಹತ್ತಿರ ತಂದಳು. ಮೈಕು ಆರಿಸಿಲ್ಲವೆಂದು ಅವಳಿಗೆ ಗೊತ್ತಿರಲಿಲ್ಲ. ನಿಲ್ದಾಣದ ಕಂಬಕಂಬದ ಮೇಲಿನ ಸ್ಪೀಕರುಗಳಲ್ಲಿ, ಬೀದಿಯವರೆಗೂ, ಅವಳ ದನಿ ಕೇಳಿಸಿತು.

"ಏನಂದ್ರಿ? ಕೇಳಿಸ್ಲಿಲ್ಲ."

ಹಾಲಪ್ಪನವರು ಕೈ ಚಾಚಿ ಮೈಕು ಆರಿಸಿದರು.